ಬೀಗರ ಅಂಗಡಿಯ ಗುಳಿಗೆ

ಹೊಸಪೇಟೆಯ ಮೇನ್ ಬಜಾರಿನಿಂದ ಒಂದು ತಿರುವು ಒಳಗೆ ಕೊಟ್ರಯ್ಯನವರ ಹಾರ್ಡ್‌ವೇರ್ ಅಂಗಡಿಯಿದೆ. ನಟ್ಟು, ಬೋಲ್ಟು, ಪೈಪು, ನಲ್ಲಿ, ಹಗ್ಗ, ಬೀಗ ಎಲ್ಲವೂ ಅಲ್ಲಿ ಸಿಗುತ್ತವೆ. ಸಿಗದಿರುವುದು ರಿಯಾಯಿತಿ ಒಂದೇ. ರೇಟು ಕೇಳಿ, "ನೋಡ್ಕೊಂಡು ಬರ್ತೀನ್ರಿ" ಎಂದು ಹೊರಡುವ ಗಿರಾಕಿಯನ್ನು ಕಂಡರೆ ಅವರ ಮುಖ ತುಕ್ಕು ಹಿಡಿದ ಮೊಳೆಯಂತಾಗುತ್ತದೆ. ಆದರೆ ತಾವು ಗಿರಾಕಿಯಾದ ದಿನ ಇಡೀ ಊರು ನೋಡಿಕೊಂಡು ಬರದೆ ಒಂದು ಬನಿಯನ್ನೂ ಕೊಂಡವರಲ್ಲ.

ಇದನ್ನು ಜಿಪುಣತನ ಎನ್ನುವವರಿಗೆ ಕೊಟ್ರಯ್ಯನವರು ಗೊತ್ತಿಲ್ಲ. ಜಿಪುಣನಿಗೆ ದುಡ್ಡು ಉಳಿದರೆ ಸುಖ. ಇವರಿಗೆ ಎಲ್ಲಿ ಉಳಿಯುತ್ತದೆ ಎಂದು ಗೊತ್ತಾದರೆ ಸುಖ. ಉಳಿದದ್ದನ್ನು ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿಗೆ ಸುರಿದು, ಜತೆಗಿದ್ದವರಿಗೂ ತಿನ್ನಿಸಿ, ಬರಿಗೈಯಲ್ಲಿ ನಗುತ್ತ ಮನೆಗೆ ಬರುತ್ತಾರೆ. ಟೊಮೆಟೊ ಕೊಳ್ಳಲು ಸಂತೆಯ ಈ ತುದಿಯಿಂದ ಆ ತುದಿಗೆ ಕೇಳುತ್ತ ಹೋಗಿ, ಅಗ್ಗದ ಬುಟ್ಟಿ ಯಾವುದೆಂದು ಖಾತ್ರಿ ಮಾಡಿಕೊಂಡು ಹಿಂದಿರುಗುವಷ್ಟರಲ್ಲಿ ಆ ಬುಟ್ಟಿ ಖಾಲಿಯಾಗಿರುತ್ತದೆ. "ಇರ್ಲಿ ಬಿಡು, ರೇಟ್ ಗೊತ್ತಾತಲ್ಲ" ಎನ್ನುತ್ತಾರೆ. ಅವತ್ತು ಮನೆಯಲ್ಲಿ ಹುಣಸೆಹಣ್ಣಿನ ಸಾರು. ಹೆಂಡತಿ ಶೈಲಜಾ ಇಷ್ಟು ವರ್ಷಗಳಲ್ಲಿ ಹುಣಸೆ ಸಾರು ಮಾಡಿ ಮಾಡಿ ಅದರಲ್ಲಿ ಓಣಿಗೇ ಹೆಸರಾಗಿದ್ದಾರೆ.

ಒಬ್ಬಳೇ ಮಗಳು ಸೌಜನ್ಯಳಿಗೆ ಗಂಡು ಹುಡುಕುವಾಗಲೂ ಹೀಗೇ ಆಯಿತು. ಸಂಡೂರು ನೋಡಿದರು, ಗಂಗಾವತಿ ನೋಡಿದರು, ಕೊನೆಗೆ ಕಂಪ್ಲಿಗೆ ಬಂದು ನಿಂತರು. ಹುಡುಗ ಈಶ್ವರ್ ಅಲ್ಲಿಯ ರೈಸ್‌ಮಿಲ್ಲೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಅವನ ಅಪ್ಪ ಶಂಭುಲಿಂಗಯ್ಯನವರದು ಮೆಡಿಕಲ್ ಶಾಪು. ಮುಂದೆ ಅಂಗಡಿ, ಹಿಂದೆ ಮನೆ. ಜನ ಒಳ್ಳೆಯವರು. ಬೀಗ ಮಾರುವವರಿಗೆ ಬೀಗರು ಸಿಕ್ಕರು ಎಂದು ಮದುವೆಯಲ್ಲಿ ನೆಂಟರೊಬ್ಬರು ನಗಿಸಿದರು. ಆ ಮಾತಿನ ತೂಕ ಕೊಟ್ರಯ್ಯನವರಿಗೆ ಗೊತ್ತಾದದ್ದು ಆಮೇಲೆ.

ಮದುವೆಗೆ ಮೊದಲೇ ಅವರ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು. ದಿನಾ ಗುಳಿಗೆ ನುಂಗುತ್ತಿದ್ದರು. ಶಾಸ್ತ್ರಗಳೆಲ್ಲ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಶಂಭುಲಿಂಗಯ್ಯನವರು ಪ್ರೀತಿಯಿಂದಲೇ ಹೇಳಿದರು:

"ಬೀಗ್ರ, ಇನ್ನ ಮ್ಯಾಲೆ ಗುಳಿಗಿ ಹೊರಗ್ಯಾಕ ತಗೊಂತೀರಿ? ನಮ್ಮ ಅಂಗಡಿ ನಿಮ್ಮದಲ್ಲೇನ್ರಿ?"

ಅಷ್ಟೇ. ಊರೆಲ್ಲ ರೇಟು ಕೇಳಿ ಬದುಕಿದ ಮನುಷ್ಯನ ಬಾಯಿಗೆ ಆ ಕ್ಷಣ ಬೀಗ ಬಿತ್ತು. ಬೇರೆ ಅಂಗಡಿಗೆ ಹೋಗುವಂತಿಲ್ಲ, ಹೋದದ್ದು ಕಂಪ್ಲಿಗೆ ಗೊತ್ತಾದರೆ ಮಗಳು ಮಾತು ಕೇಳಬೇಕಾದೀತು. ಬೀಗರ ಅಂಗಡಿಯಲ್ಲಿ ಚೌಕಾಸಿ ಮಾಡುವಂತೆಯೂ ಇಲ್ಲ. ಪ್ರತಿ ತಿಂಗಳು ಡಾಕ್ಟರ ಚೀಟಿ ಜೇಬಿನಲ್ಲಿಟ್ಟುಕೊಂಡು ಕಂಪ್ಲಿ ಬಸ್ಸು ಹತ್ತುವುದು ಶುರುವಾಯಿತು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾದೀತೆ? ಕಮಲಾಪುರದಲ್ಲಿ ಇಳಿದು ಹಂಪಿ ಕಡೆಯ ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪು ಕೊಂಡು, ಮುಂದಿನ ಬಸ್ಸಿಗೆ ಕಾಯುವುದು. ಅಲ್ಲಿ ಹೋದ ಮೇಲೆ ಕೌಂಟರಿನ ಮುಂದೆ ಪ್ರತಿ ಸಲ ಒಂದೇ ಮಾತುಕತೆ.

"ಎಷ್ಟಾತ್ರಿ ಬೀಗ್ರ?"

"ಏ, ಇರ್ಲಿ ಬಿಡ್ರಿ. ನಿಮ್ಮ ಹತ್ರ ಏನ್ ದುಡ್ಡು ತಗೊಳ್ಳೋದು."

"ಹಂಗಂದ್ರ ಮುಂದಿನ ತಿಂಗಳ ನಾ ಬರಂಗಿಲ್ಲ ನೋಡ್ರಿ."

"ಆತು, ಕೊಡ್ರಿ ಹಂಗಾದ್ರ. ನಿಮ್ಮ ಸಮಾಧಾನಕ್ಕ."

ಸಮಾಧಾನಕ್ಕೆಂದು ಕೊಟ್ಟದ್ದು ಗುಳಿಗೆಯ ಪಟ್ಟಿಯ ಮೇಲೆ ಅಚ್ಚಾದ ಪೂರ್ತಿ ಬೆಲೆ. ಪುಕ್ಕಟೆ ತೆಗೆದುಕೊಂಡರೆ ಹೆಣ್ಣು ಕೊಟ್ಟವರ ಮರ್ಯಾದೆ ಹೋಗುತ್ತದೆ. ಹತ್ತು ರೂಪಾಯಿ ಬಿಡಿ ಎಂದರೆ ಇದ್ದಬದ್ದದ್ದೂ ಹೋಗುತ್ತದೆ. ಪುಕ್ಕಟೆ ಮತ್ತು ಪೂರ್ತಿ, ಇವೆರಡರ ನಡುವೆ ಬೀಗರಿಗೆ ಬೇರೆ ರೇಟಿಲ್ಲ.

ಮೆಡಿಕಲ್ ಶಾಪಿನ ಹಿಂದೆ ಮನೆ ಇರುವುದರಿಂದ ಊಟ ತಪ್ಪುತ್ತಿರಲಿಲ್ಲ. ಬೀಗಿತ್ತಿ ಗಂಗಾಂಬಿಕಾ ಅವರ ಕೈ ದೊಡ್ಡದು. "ಸಕ್ಕರಿ ಐತ್ರಿ ನನಗ" ಎಂದರೆ, "ಗೊತ್ತೈತ್ರಿ, ಅದಕ್ಕ ಬೆಲ್ಲದ್ದು ಮಾಡೀನಿ" ಎನ್ನುತ್ತಿದ್ದರು. ರೋಗವೂ ಔಷಧಿಯೂ ಒಂದೇ ವಿಳಾಸದಲ್ಲಿ ಸಿಗುವ ಅಂಗಡಿ ಆ ಸೀಮೆಯಲ್ಲಿ ಅದೊಂದೇ ಇದ್ದೀತು.

ಹೀಗಿರುವಾಗ ಶೈಲಜಾ ಒಂದು ದಿನ ಮೊಣಕಾಲಿಗೆ ಹಚ್ಚುವ ಮುಲಾಮು ತರಲು ಹೊಸಪೇಟೆಯಲ್ಲೇ ಇರುವ ಜನೌಷಧಿ ಅಂಗಡಿಗೆ ಹೋದರು. ಅಲ್ಲಿ ಮಾರುವುದು ಜನರಿಕ್ ಔಷಧಿ. ಜನರಿಕ್ ಎಂದರೆ ಜನರಿಗೆ ಎಂದೇ ಆಕೆ ಮೊದಲು ತಿಳಿದಿದ್ದರು, ತಿಳಿದದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಗಂಡನ ಗುಳಿಗೆಯ ಖಾಲಿ ಪಟ್ಟಿ ಬ್ಯಾಗಿನಲ್ಲಿತ್ತು. ತೋರಿಸಿ ಕೇಳಿದರು. ಅಂಗಡಿಯವರು ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ, ಇದೇ ಔಷಧಿ ಕಂಪನಿಯ ಹೆಸರಿಲ್ಲದೆ ತಮ್ಮಲ್ಲಿದೆ ಎಂದು ಬೆಲೆ ಹೇಳಿದರು. ಶೈಲಜಾ ಮುಲಾಮನ್ನು ಅಲ್ಲೇ ಮರೆತು ಮನೆಗೆ ಬಂದರು.

"ಏನ್ರಿ, ನಿಮ್ಮ ಗುಳಿಗಿ ಐದರಾಗ ಒಂದು ಪಾಲಿಗೆ ಸಿಗತೈತಂತ."

ಕೊಟ್ರಯ್ಯನವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಒಂದ ಅಂಗಡಿ ಕೇಳಿದ್ರ ಆತೇನು? ಒಂದು ರೇಟು ರೇಟಲ್ಲ, ಸುದ್ದಿ. ಸಂಡೂರಾಗ ಎಷ್ಟೈತಿ?"

"ಸಂಡೂರಿಗೆ ಹೋಗಿ ಕೇಳ್ಕೊಂಡು ಬರ್ರಿ."

"ನಾ ಹೋದ್ರ ಟಿಕೀಟು. ನೀ ಹೋದ್ರ ಪುಕ್ಕಟೆ."

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಆ ಮನೆಯ ದರಪರಿಶೋಧನೆಯ ಖಾತೆ ಶೈಲಜಾ ಅವರಿಗೆ ವರ್ಗವಾಗಿತ್ತು. ಆಕೆಗೂ ಬೇಸರವಿರಲಿಲ್ಲ, ಸಂಡೂರಿನ ಹತ್ತಿರದ ಯಶವಂತನಗರದಲ್ಲಿ ತಂಗಿಯ ಮನೆಯಿದೆ. ಮರುದಿನ ಸೊನ್ನೆ ರೂಪಾಯಿಯ ಟಿಕೆಟ್ಟಿನಲ್ಲಿ ಸಂಡೂರಿಗೆ ಹೋದರು. ಸಂಜೆ ತಿರುಗಿ ಬಂದಾಗ ಸೀರೆಯ ಅಂಚಿನ ಮೇಲೆ ಅದಿರು ಲಾರಿಗಳ ಕೆಂಪು ಧೂಳು, ನಾಲಿಗೆ ತುದಿಯಲ್ಲಿ ಎರಡು ಅಂಗಡಿಗಳ ರೇಟು. ಸಂಡೂರಿನಲ್ಲಿ ಅದೇ ಕಂಪನಿಯ ಗುಳಿಗೆಗೆ ನೂರಕ್ಕೆ ಹದಿನೈದು ಬಿಡುತ್ತಾರೆ. ಕಂಪ್ಲಿಯದು ಎಲ್ಲಕ್ಕಿಂತ ಮೇಲೆ. ಎಲ್ಲಕ್ಕಿಂತ ಕೆಳಗಿರುವುದು ಕೊಟ್ರಯ್ಯನವರ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ.

ಗಂಡ ಹೆಂಡತಿ ಹೋಗಿ ಡಾಕ್ಟರನ್ನೂ ಕೇಳಿದರು. "ಹೆಸರು ಬೇರೆ, ಒಳಗಿನ ಸಾಲ್ಟ್ ಒಂದೇ. ಧಾರಾಳವಾಗಿ ತಗೊಳ್ಳಿ. ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸೋಣ" ಎಂದು ಅವರು ಚೀಟಿಯಲ್ಲಿ ಬರೀ ಔಷಧಿಯ ಹೆಸರು ಬರೆದುಕೊಟ್ಟರು. ಸಕ್ಕರೆ ಕಾಯಿಲೆಯ ಮದ್ದಿಗೆ ಸಾಲ್ಟ್ ಎನ್ನುತ್ತಾರೆಂದು ಕೇಳಿ ಶೈಲಜಾ ದಾರಿಯುದ್ದಕ್ಕೂ ನಕ್ಕರು. ಕೊಟ್ರಯ್ಯನವರಿಗೆ ನಗು ಬರಲಿಲ್ಲ. ಅಗ್ಗದ ಗುಳಿಗೆ ಕೊಂಡಾಗಿತ್ತು, ತಿಂಗಳ ನಂತರದ ಪರೀಕ್ಷೆಯಲ್ಲಿ ಸಕ್ಕರೆ ಇದ್ದಲ್ಲೇ ನಿಂತಿತ್ತು, ಎಲ್ಲ ಸರಿ. ಆದರೆ ಕಂಪ್ಲಿಗೆ ಏನು ಹೇಳುವುದು?

ಆ ತಿಂಗಳು ಹೋಗಲಿಲ್ಲ, ಮುಂದಿನ ತಿಂಗಳೂ ಹೋಗಲಿಲ್ಲ. ಸೌಜನ್ಯಳ ಫೋನು ಬಂತು. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು, ಅಡುಗೆಮನೆಯ ಹಿಂದಿನ ಬಾಗಿಲಿಗೆ ಹೋಗಿ ನಿಂತಿರಬೇಕು.

"ಅಪ್ಪಾ, ಮಾವಾರು ಎಲ್ಡು ಸಲ ಕೇಳಿದ್ರು, ಬೀಗ್ರು ಯಾಕ ಬಂದಿಲ್ಲ ಅಂತ. ಅತ್ತಿಯಾರು ಏನಂದ್ರು ಗೊತ್ತೇನು? ನಮ್ಮ ಊಟ ಹಿಡಸಲಿಲ್ಲೋ, ಅಂಗಡಿ ಹಿಡಸಲಿಲ್ಲೋ ಅಂದ್ರು. ನಗಾಡಿಕೋತನ ಅಂದ್ರು. ಆದ್ರ ಅಂದ್ರು. ಇಲ್ಲಿ ನನಗ ಯಾರೂ ಒಂದು ಮಾತು ಅಂದಿಲ್ಲ ಇಲ್ಲೀ ತನಕ. ನೀ ಅದನ್ನ ಶುರು ಮಾಡಸಬ್ಯಾಡ."

ಕೊಟ್ರಯ್ಯನವರಿಗೆ ಗಾಬರಿಯಾಯಿತು. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಸಕ್ಕರಿ ಇಳದೈತಿ ಅಂತ ಹೇಳವಾ. ಡಾಕ್ಟ್ರು ಗುಳಿಗಿ ಬಿಡಿಸ್ಯಾರ."

"ಖರೇನ ಅಪ್ಪಾ?" ಮಗಳ ದನಿ ಒಮ್ಮೆಗೇ ಮೇಲೇರಿತು. ಆ ಸಂತೋಷ ಕೇಳಿದ ಮೇಲೆ ಸುಳ್ಳನ್ನು ವಾಪಸು ತೆಗೆದುಕೊಳ್ಳುವ ಧೈರ್ಯ ಅವರಿಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಬೀಗರೇ ಫೋನು ಮಾಡಿದರು. ಔಷಧಿ ಅಂಗಡಿಯವರು, ಹಾಗೆ ಸುಲಭಕ್ಕೆ ನಂಬುವವರಲ್ಲ. ಆದರೆ ಬೀಗರನ್ನು ಅಡ್ಡಪ್ರಶ್ನೆ ಕೇಳಲಾದೀತೆ? "ಏನ್ ಮಾಡಿದ್ರಿ ಬೀಗ್ರ?" ಎಂದಷ್ಟೇ ಕೇಳಿದರು.

"ದಿನಾ ಮುಂಜಾನಿ ಡ್ಯಾಮಿನ ಕಡೆ ನಡಿತೀನ್ರಿ. ಮತ್ತ ಮೆಂತೆ ನೀರು."

"ಮೆಂತೆ ನೀರು?"

"ಹೂನ್ರಿ. ರಾತ್ರಿ ನೆನಿ ಇಟ್ಟು ಮುಂಜಾನಿ ಕುಡಿಯೋದು."

ಕೊಟ್ರಯ್ಯನವರು ಡ್ಯಾಮಿನ ಕಡೆ ಒಂದು ದಿನವೂ ನಡೆದವರಲ್ಲ, ಸಸ್ಯಾಹಾರಿಯಾದ್ದರಿಂದ ಅಲ್ಲಿ ಮೀನಿನ ರೇಟು ಕೇಳುವ ನೆವವೂ ಇರಲಿಲ್ಲ. ಮೆಂತೆಯನ್ನು ಉಪ್ಪಿನಕಾಯಿಯ ಹೊರಗೆ ಕಂಡವರೂ ಅಲ್ಲ. ಶಂಭುಲಿಂಗಯ್ಯನವರು, "ಚಲೋ ಆತು. ಹಂಗಾದ್ರ ಐತವಾರ ಊಟಕ್ಕ ಬರ್ರಿ, ಶೈಲಜಾ ತಂಗೀನೂ ಕರಕೊಂಡು" ಎಂದರು.

ಹೋಗಲೇಬೇಕಾಯಿತು. ಇನ್ನೊಂದು ಸಲ ತಪ್ಪಿಸಿದರೆ ಮಗಳ ಗತಿ?

ಸಕ್ಕರೆ ಹೋದ ಬೀಗರಿಗೆ ಗಂಗಾಂಬಿಕಾ ಅವರು ಇಷ್ಟು ದಿನದ ಬಾಕಿ ತೀರಿಸಲು ನಿಂತರು. ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಸಕ್ಕರೆ ಹಾಕಿದ ಹಾಲು. "ಇನ್ನ ನೆವ ಹೇಳಂಗಿಲ್ಲ ನೋಡ್ರಿ" ಎಂದು ಒಂದರ ಮೇಲೊಂದು ಇಟ್ಟರು. ಶೈಲಜಾ ಪಕ್ಕದಿಂದ ಗಂಡನ ತೊಡೆಗೆ ಚಿವುಟಿದರು. ಕೊಟ್ರಯ್ಯನವರು ಆ ನೋವಿಗೂ ಸೇರಿಸಿ ನಕ್ಕು, ತಿಂದರು.

ಊಟದ ನಡುವೆ ಪಕ್ಕದ ಮನೆಯ ಎರ್ರಿಯಪ್ಪ ಬಂದ. ರೈಸ್‌ಮಿಲ್ಲಿನಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ ಹಿರಿಯ, ಶಂಭುಲಿಂಗಯ್ಯನವರ ಹಳೇ ಸ್ನೇಹಿತ, ಅವರ ಅಂಗಡಿಯ ಸಕ್ಕರೆ ಗುಳಿಗೆಯ ಕಾಯಂ ಗಿರಾಕಿ. ಒಂದು ಕಾಲಿಗೆ ಬಟ್ಟೆ ಸುತ್ತಿತ್ತು, ಕುಂಟುತ್ತಿದ್ದ. ಬಂದವನೇ ಕೊಟ್ರಯ್ಯನವರ ಎದುರು ಕೂತು ಎರಡೂ ಕೈ ಮುಗಿದ.

"ಯಪ್ಪಾ, ನಿಮ್ಮ ಮಕ ನೋಡಾಕ ಬಂದೆ. ನೀವು ಗುಳಿಗಿ ಬಿಟ್ಟಿದ್ದು ಕೇಳಿ ನಾನೂ ಬಿಟ್ಟೀನಿ. ಮೆಂತೆ ಹಿಡದೀನಿ."

"ಬ್ಯಾಡೋ ಅಂತ ಬಡಕೊಂಡೆ" ಎಂದರು ಶಂಭುಲಿಂಗಯ್ಯ. "ಕಾಲಾಗ ಮುಳ್ಳು ನೆಟ್ಟೈತಿ, ಗಾಯ ಮಾಯಾಕ ಒಲ್ಲದು. ಗುಳಿಗಿ ನುಂಗು ಅಂದ್ರ ಕೇಳವಲ್ಲ."

"ನೀ ಹೇಳ್ತೀಯಪ್ಪ, ನಿಂದು ಗುಳಿಗಿ ಅಂಗಡಿ. ನಿಮ್ಮ ಬೀಗ್ರೇ ನಿಮ್ಮ ಗುಳಿಗಿ ಬಿಟ್ಟು ಆರಾಮಾದ್ರು. ನಿನ್ನ ಮಾತು ಕೇಳ್ಲೋ, ಅವರನ್ನ ನೋಡ್ಲೋ?" ಎಂದು ಎರ್ರಿಯಪ್ಪ ಕೊಟ್ರಯ್ಯನವರ ಎಲೆಯ ಕಡೆ ಬೆರಳು ಮಾಡಿದ. "ನೋಡಿಲ್ಲಿ, ಹೋಳಿಗಿ ಹೆಂಗ ಹೊಡಿಯಾಕತ್ತಾರ. ಇದಕ್ಕಿಂತ ಸಾಕ್ಷಿ ಬೇಕೇನು?"

ಶಂಭುಲಿಂಗಯ್ಯನವರು ನೀರಿನ ಲೋಟ ಎತ್ತಿಕೊಂಡರು. ಬೀಗರ ಎದುರು ಬೀಗರದು ಸುಳ್ಳಿರಬಹುದು ಎನ್ನುವುದು ಹೇಗೆ?

ಕೊಟ್ರಯ್ಯನವರು ಆ ಕಾಲಿನ ಬಟ್ಟೆ ನೋಡಿದರು. ಬಟ್ಟೆಯ ಅಂಚಿನಲ್ಲಿ ಹಸಿ ಕಲೆ ಇತ್ತು. ಎದುರಿಗೆ ಸೌಜನ್ಯ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು, ಅಪ್ಪ ಆರಾಮಾದ ಎಂಬ ಖುಷಿ ಅವಳ ಮುಖದಲ್ಲಿ ಇನ್ನೂ ಹಾಗೇ ಇತ್ತು. ಹೇಳಿದರೆ ಅವಳು ಈ ಮನೆಯಲ್ಲಿ ಸುಳ್ಳುಗಾರನ ಮಗಳು. ಹೇಳದಿದ್ದರೆ ಈ ಮನುಷ್ಯನ ಕಾಲು ಹೋಗುತ್ತದೆ. ಜೀವಮಾನವಿಡೀ ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಇದನ್ನು ಅಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಎರ್ರಿಯಪ್ಪ, ನಾ ಗುಳಿಗಿ ಬಿಟ್ಟಿಲ್ಲ" ಎಂದರು. ಎಡಗೈಯನ್ನು ಅಂಗಿಯ ಜೇಬಿಗೆ ಹಾಕಿ ಗುಳಿಗೆ ಪಟ್ಟಿ ತೆಗೆದು ಚಾಪೆಯ ಮೇಲಿಟ್ಟರು. "ಇವತ್ತು ಮುಂಜಾನೀನೂ ನುಂಗೀನಿ. ಮೆಂತೆ ಗಿಂತೆ ಎಲ್ಲಾ ಸುಳ್ಳು. ಹೊಸಪೇಟ್ಯಾಗ ಕಡಿಮಿಗೆ ಸಿಕ್ತು, ತಗೊಂಡೆ. ಬೀಗ್ರಿಗೆ ಹೇಳಾಕ ಬಾಯಿ ಬರಲಿಲ್ಲ."

ಸೌಜನ್ಯಳ ಕೈಯಲ್ಲಿದ್ದ ಗಿಂಡಿ ಅಲ್ಲೇ ನಿಂತಿತು. ಶಂಭುಲಿಂಗಯ್ಯನವರು ಬಗ್ಗಿ ಪಟ್ಟಿ ಎತ್ತಿಕೊಂಡರು. ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ಹಿಡಿದು, ಮೊದಲು ಅವಧಿ ಮುಗಿಯುವ ತಾರೀಖು, ಆಮೇಲೆ ಔಷಧಿಯ ಹೆಸರು, ಕೊನೆಗೆ ಬೆಲೆ ಓದಿದರು. ಓದಿ ಎರ್ರಿಯಪ್ಪನ ಕಡೆ ತಿರುಗಿದರು.

"ಕೇಳಿದೇನಲೇ? ಇವರೂ ನುಂಗಾಕತ್ತಾರ. ಏಳು. ಈಶ್ವರ್ ಗಾಡಿ ತೆಗಿತಾನ, ಅವನ ಜೋಡಿ ದವಾಖಾನಿಗೆ ಹೋಗಿ ಕಾಲು ತೋರಸು. ಗುಳಿಗಿ ಬಿಟ್ಟಿದ್ದೆ ಅಂತನೂ ಹೇಳು, ಮುಚ್ಚಿಡಬ್ಯಾಡ."

"ದೊಡ್ಡವರಾಗಿ ಹಿಂಗ ಮಾಡಿದ್ರ ಹೆಂಗ್ರಿ ಯಪ್ಪಾ" ಎಂದು ಎರ್ರಿಯಪ್ಪ ಕೊಟ್ರಯ್ಯನವರಿಗೆ ಹೇಳಿದ. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಆ ಕಹಿ ಮೆಂತೆ ನೀರು ದಿನಾ ಕುಡಿದೀನಿ ನಾನು." ಈಶ್ವರ್ ಕೈ ತೊಳೆದುಕೊಂಡು ಅವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋದ.

ಗಾಡಿಯ ಸದ್ದು ಹೋದ ಮೇಲೆ ಗಂಗಾಂಬಿಕಾ ಅವರು ಮೆಲ್ಲಗೆ ಕೇಳಿದರು, "ಹಂಗಾದ್ರ ಸಕ್ಕರಿ ಹೋಗಿಲ್ಲ?"

"ಇಲ್ರಿ. ಇಲ್ಲೇ ಐತಿ."

"ಮತ್ತ ನಾ ಹಾಕಿದ ಹೋಳಿಗಿ?"

ಕೊಟ್ರಯ್ಯನವರು ಹೊಟ್ಟೆ ಮುಟ್ಟಿಕೊಂಡರು. "ಅದೂ ಇಲ್ಲೇ ಐತ್ರಿ."

ಗಂಗಾಂಬಿಕಾ ಅವರಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಇಟ್ಟುಕೊಂಡರು. ಆದರೆ ಶಂಭುಲಿಂಗಯ್ಯನವರು ನಗಲಿಲ್ಲ. "ಕೈ ತೊಳಕೊಂಡು ಅಂಗಡಿಗೆ ಬರ್ರಿ ಬೀಗ್ರ" ಎಂದು ಎದ್ದು ಹೋದರು. ಸೌಜನ್ಯ ಅಮ್ಮನ ಮುಖ ನೋಡಿದಳು. ಶೈಲಜಾ ಎಲೆಯಲ್ಲಿ ಉಳಿದ ಅನ್ನ ನೋಡಿದರು.

ಭಾನುವಾರವಾದ್ದರಿಂದ ಅಂಗಡಿಯ ಶಟರು ಅರ್ಧ ಇಳಿದಿತ್ತು. ಶಂಭುಲಿಂಗಯ್ಯನವರು ಕೌಂಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕೆಳಗಿನ ಖಾನೆಯಿಂದ ಒಂದು ಡಬ್ಬಿ ಎಳೆದು, ಒಂದು ಪಟ್ಟಿ ತೆಗೆದು, ಜನೌಷಧಿಯ ಪಟ್ಟಿಯ ಪಕ್ಕಕ್ಕಿಟ್ಟರು.

"ಓದ್ರಿ."

ಕೊಟ್ರಯ್ಯನವರು ಓದಿದರು. ಬೇರೆ ಕಂಪನಿ, ಅದೇ ಔಷಧಿ. ಬೆಲೆ, ತಾವು ತಿಂಗಳು ತಿಂಗಳು ಕೊಟ್ಟದ್ದರ ಮೂರರಲ್ಲಿ ಒಂದು ಪಾಲು.

"ಇದು ಇಲ್ಲೇ ಇತ್ತೇನ್ರಿ?"

"ಮೊದ್ಲಿಂದ ಐತಿ. ಎರ್ರಿಯಪ್ಪಗ ಇದನ್ನ ಕೊಡೋದು."

"ನನಗ್ಯಾಕ ಕೊಡಲಿಲ್ಲ?"

"ಹೆಂಗ ಕೊಡ್ಲ್ರಿ?" ಶಂಭುಲಿಂಗಯ್ಯನವರ ದನಿಯಲ್ಲಿ ನೋವಿತ್ತು. "ಹೆಣ್ಣು ಕೊಟ್ಟ ಬೀಗ್ರು ಹೊಸಪೇಟಿಂದ ಬಾಳಿಹಣ್ಣು ತಗೊಂಡು ಬಂದು ಕೌಂಟರ್ ಮುಂದ ನಿಂತಾಗ, ನಾ ಬಗ್ಗಿ ಕೆಳಗಿನ ಖಾನಿ ಮಾಲು ತೆಗದು ಕೊಡ್ಲೇನು? ನಾಳೆ ನೀವು ಹಮಾಲರಿಗೆ ಕೊಡೋದನ್ನ ಕೊಟ್ರು ಅಂದ್ರ? ಅಂಗಡ್ಯಾಗ ಎಲ್ಲಾದಕ್ಕಿಂತ ತುಟ್ಟಿದ್ದನ್ನ ನಿಮಗಂತ ಎತ್ತಿಟ್ಟು ಕೊಟ್ಟೀನಿ. ಮರ್ಯಾದಿ ಅಂತ."

ಕೊಟ್ರಯ್ಯನವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ತಲೆ ಕೆರೆದುಕೊಂಡು, "ಹೋದ ವರ್ಷ ನೀವು ಮಹಡಿ ಕಟ್ಟಿಸಿದಾಗ ನನ್ನ ಅಂಗಡ್ಯಾಗ ನಲ್ಲಿ ತಗೊಂಡ್ರಲ್ಲ" ಎಂದರು.

"ಹೂಂ."

"ಅವೂ ಮ್ಯಾಲಿನ ಖಾನೀವ ರೀ. ಅರ್ಧ ರೇಟಿನವು ಕೆಳಗ ಇದ್ದವು. ಬೀಗ್ರಿಗೆ ಅದನ್ನ ಹೆಂಗ ತೋರಸೋದು ಅಂತ."

"ಗೊತ್ತೈತ್ರಿ" ಎಂದರು ಶಂಭುಲಿಂಗಯ್ಯ ಶಾಂತವಾಗಿ. "ನಾ ಮೊದ್ಲ ಗಂಗಾವತ್ಯಾಗ ಕೇಳಿ ಬಂದಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮದುವೆಯ ಮಾತುಕತೆಯಿಂದ ಇಲ್ಲಿಯವರೆಗೆ ನೋಡಿಯೇ ಇರಲಿಲ್ಲವೇನೋ ಎಂಬಂತೆ ನೋಡಿದರು. ಕೊಟ್ರಯ್ಯನವರ ಬೆನ್ನು ನೆಟ್ಟಗಾಯಿತು. ಸ್ಟೂಲನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡರು.

"ಈ ಕೆಳಗಿನ ಖಾನೀದು ನನಗ ಎಷ್ಟಕ್ಕ ಕೊಡ್ತೀರಿ?"

"ಬರದೈತಲ್ಲ."

"ಬರದಿದ್ದು ಹೊರಗಿನವರಿಗೆ. ಹೊಸಪೇಟ್ಯಾಗ ಇದಕ್ಕಿಂತ ಕಡಿಮಿ ಐತಿ."

"ಅದು ಸರಕಾರದ ಯೋಜನೆ. ಇದು ನಮ್ಮಪ್ಪ ಹಾಕಿದ ಅಂಗಡಿ."

"ಸಂಡೂರಾಗ ನೂರಕ್ಕ ಹದಿನೈದು ಬಿಡ್ತಾರ."

"ಸಂಡೂರಾಗ ನಿಮ್ಮ ಮಗಳು ಐದಾಳೇನ್ರಿ?"

"ಮಗಳು ಇಲ್ಲೇ ಐದಾಳ ಅಂತನ ಇಪ್ಪತ್ತು ಕೇಳಾಕತ್ತೀನಿ."

"ಇಪ್ಪತ್ತು ಬಿಟ್ರ ನಾ ಏನ್ ಮೆಂತೆ ನೀರು ಕುಡೀಲೇನು?"

ದನಿಗಳು ಏರಿದವು. ಹಿಂದಿನ ಮನೆಯಲ್ಲಿ ಹೆಂಗಸರು ಮೂವರೂ ಅಂಗಡಿಯ ಬಾಗಿಲಿನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಅಪ್ಪ, ಮಾವ ಇಬ್ಬರೂ "ನೀವು ಮೊದ್ಲ ಕುಂದ್ರಿ", "ಇಲ್ಲ ನೀವು ಮೊದ್ಲ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ಸೌಜನ್ಯ ಕೇಳಿರಲಿಲ್ಲ. ಒಲೆಯ ಮೇಲಿದ್ದ ಚಹಾ ಬಸಿದು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಸಕ್ಕರೆ ಹಾಕದೆ, ತಟ್ಟೆಯಲ್ಲಿಟ್ಟುಕೊಂಡು ಅಂಗಡಿಗೆ ಬಂದಳು.

"ಮಾವಾರ, ಅಪ್ಪ ಏನರ ತಪ್ಪು ಮಾತಾಡಿದ್ರ..."

"ತಪ್ಪೇನಿಲ್ಲವಾ" ಎಂದರು ಶಂಭುಲಿಂಗಯ್ಯ. ಅವರ ಕಿವಿಗಳು ಕೆಂಪಾಗಿದ್ದವು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. "ನಿಮ್ಮಪ್ಪ ಇಪ್ಪತ್ತು ಬಿಡು ಅಂತಾರ. ನಾ ಹತ್ತು ಅಂತೀನಿ. ನೀನ ಹೇಳು, ನ್ಯಾಯ ಯಾವುದು?"

ಸೌಜನ್ಯ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು. ಇಬ್ಬರ ಮುಖದಲ್ಲೂ ಸಂತೆಗೆ ಬಂದ ಕಳೆ. ಅವಳ ಹೆಗಲು ಸಡಿಲವಾಯಿತು. ತಟ್ಟೆಯನ್ನು ಎರಡು ಗುಳಿಗೆ ಪಟ್ಟಿಗಳ ನಡುವೆ ಇಟ್ಟಳು.

"ಹದಿನೆಂಟಕ್ಕ ಮುಗಸ್ರಿ. ಚಾ ಆರಾಕತ್ತೈತಿ."

ಇಬ್ಬರೂ ಒಪ್ಪಲಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದರು.